ಕೊನೆಯ ಹಾಳೆ ಹರಿದ ತುಳಸೀದಳ

ಕಾರಟಗಿ ಬಸ್ ನಿಲ್ದಾಣದ ಹತ್ತಿರ ಬಾಡಿಗೆಗೆ ಕಾದಂಬರಿ ಕೊಡುವ ಅಂಗಡಿಯೊಂದಿತ್ತು. ಅಲ್ಲಿಂದ ನಾನು ತಂದ 'ತುಳಸೀದಳ'ಕ್ಕೆ ಕೊನೆಯ ಹಾಳೆಗಳೇ ಇರಲಿಲ್ಲ. ಮಾಟಕ್ಕೆ ಸಿಕ್ಕ ಪುಟ್ಟ ತುಳಸಿಯ ಸಾವಿನ ಗಳಿಗೆ ಹತ್ತಿರವಾಗಿದೆ. ಒಂದು ಕಡೆ ಮಂತ್ರ ಬಲ್ಲವರು, ಇನ್ನೊಂದು ಕಡೆ ವೈದ್ಯರು ಹೆಣಗುತ್ತಿದ್ದಾರೆ. ಅಷ್ಟರಲ್ಲಿ ಪುಸ್ತಕ ಮುಗಿದುಹೋಯಿತು! ಮಂತ್ರದವರೇ ಉಳಿಸಿರಬೇಕು ಎಂದಳು ಅವ್ವ. ಅಜ್ಜ ಒಪ್ಪಲಿಲ್ಲ. "ದೆವ್ವಗಿವ್ವ ಏನಿಲ್ಲೋ ತಮ್ಮಾ, ಹಿಂದ ಯಾವನೋ ಮನಷಾ ಅದಾನ. ಕಡೀ ಹಾಳ್ಯಾಗ ಸಿಗತಾನ ನೋಡು."

ಅಜ್ಜನಿಗೆ ಈ ಧೈರ್ಯ ಎಲ್ಲಿಂದ ಬಂತು? ಹುಡುಕುತ್ತಾ ಹೋದರೆ 1952ಕ್ಕೆ ಬಂದು ನಿಲ್ಲುತ್ತೇನೆ. ನಿಜಾಮರ ಕಾಲದಲ್ಲಿ ಉರ್ದು ಕಲಿತವನು ಅವನು. ಆ ವರ್ಷ ಅಲಹಾಬಾದಿನಿಂದ ಇಬ್ನೆ ಸಫಿಯ ಉರ್ದು ಪತ್ತೇದಾರಿ ಮಾಲಿಕೆ 'ಜಾಸೂಸಿ ದುನಿಯಾ' ಹೊರಟಿತು. ಸಫಿಯದೇ 1955ರ ಕಾದಂಬರಿ 'ಖೌಫ್ನಾಕ್ ಇಮಾರತ್' ಅಜ್ಜನಿಗೆ ಬಾಯಿಪಾಠ. ಸಮಾಧಿಯಿರುವ ಪಾಳುಮನೆ, ಅದರೊಳಗೆ ಹೆಣಗಳು, ಕೊನೆಗೆ ಹಿಡಿದು ನೋಡಿದರೆ ಎಲ್ಲ ಮನುಷ್ಯನ ಕೈವಾಡ. ಕನ್ನಡದಲ್ಲಿಯೂ ಅದೇ 1952ರಲ್ಲಿ ಎನ್. ನರಸಿಂಹಯ್ಯನವರ 'ಪತ್ತೇದಾರ ಪುರುಷೋತ್ತಮನ ಸಾಹಸ' ಬಂತು. ನಾಲ್ಕನೇ ಇಯತ್ತೆಯವರೆಗಷ್ಟೇ ಓದಿದ ಮನುಷ್ಯ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು! ಕನ್ನಡ ಓದುವುದನ್ನೇ ಎಷ್ಟೋ ಜನ ಅವರಿಂದ ಕಲಿತರು. ಸಾಹಿತ್ಯ ಚರಿತ್ರೆಕಾರರು ಅವರಿಗೆ ಒಂದು ಸಾಲು ಕೊಡುವಾಗಲೂ ಕೈ ಬಿಗಿ ಹಿಡಿದಿದ್ದನ್ನು ನಾನು ಕ್ಷಮಿಸಲಾರೆ.

ಭೂತ ತೋರಿಸಿ ಮನುಷ್ಯನನ್ನು ಹಿಡಿಯುವ ಈ ಪದ್ಧತಿ ಹಳೆಯದು. ಬಾಸ್ಕರ್‌ವಿಲ್ಲಿನ ನಾಯಿಯ ಬಾಯಿಗೆ ರಂಜಕ ಬಳಿದಿದ್ದನ್ನು ಷರ್ಲಾಕ್ ಹೋಮ್ಸ್ ಪತ್ತೆಹಚ್ಚಿದ. ಅವನನ್ನು ಸೃಷ್ಟಿಸಿದ ಕಾನನ್ ಡಾಯ್ಲ್ ಮುಂದೆ ಪ್ರೇತಗಳನ್ನು ಮನಸಾರೆ ನಂಬಿದರೂ ಹೋಮ್ಸನನ್ನು ಆ ಕಡೆ ಎಳೆಯಲಿಲ್ಲ. 1933ರಲ್ಲಿ ಅಮೆರಿಕದ ಅಗ್ಗದ ಕಾಗದದ ಪತ್ರಿಕೆಯಲ್ಲಿ ಹುಟ್ಟಿದ ಡಾಕ್ ಸ್ಯಾವೇಜ್ ಕೂಡ ಪವಾಡದ ಹಿಂದಿನ ಯಂತ್ರವನ್ನೇ ಹುಡುಕಿದವನು.

ನಮ್ಮ ಸೀಮೆಗೆ ಇದು ಬರೀ ಕಥೆಯಾಗಿರಲಿಲ್ಲ. ಇಲ್ಲಿಂದ ಬೀದರ್‌ವರೆಗೆ ಭಾನಾಮತಿ ಎಂದರೆ ಮನೆಯ ಮೇಲೆ ಕಲ್ಲು ಬೀಳುವುದು, ಹಗ್ಗದ ಮೇಲಿನ ಬಟ್ಟೆ ಹೊತ್ತಿಕೊಳ್ಳುವುದು, ಹೆಂಗಸರು ನಾಯಿಯಂತೆ ಬೊಗಳುವುದು. ಮನೋವೈದ್ಯರು ಅಲ್ಲಿ ಬಾಯಿಬಿಟ್ಟು ಹೇಳಿಕೊಳ್ಳಲಾಗದ ಸಂಕಟವನ್ನು ಕಂಡರು. ಊರವರು ಮಾತ್ರ ಮಾಡಿಸಿದವರನ್ನು ಹುಡುಕಿ, ಮಂತ್ರ ಹೇಳಬಾರದೆಂದು ಹಲ್ಲು ಕಿತ್ತರು.

ಆಗ ಬಂದವರು ಇನ್ನೊಬ್ಬ ನರಸಿಂಹಯ್ಯ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯ 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ಮಾಡಿದರು. ಪಾಂಡವಪುರದಲ್ಲಿ ಏಳು ವರ್ಷದ ಹುಡುಗನೊಬ್ಬ ಗಾಳಿಯಿಂದ ವಿಭೂತಿ ಬರಿಸುತ್ತಾನೆಂದು ಜನ ಮುಗಿಬೀಳುತ್ತಿದ್ದರು. ಸಮಿತಿ ಹೇಳದೆ ಕೇಳದೆ ಹೋಯಿತು. ವಿಭೂತಿ ಸಿಕ್ಕಿದ್ದು ಹುಡುಗನ ಅಂಗಿಯೊಳಗೆ! ಪುರುಷೋತ್ತಮನ ಕೊನೆಯ ಅಧ್ಯಾಯವೇ ನಡೆದುಹೋದಂತಿತ್ತು. ಇಬ್ಬರು ನರಸಿಂಹಯ್ಯನವರನ್ನು ನಾನು ಒಟ್ಟಿಗೇ ನೆನೆಯುತ್ತೇನೆ. ಒಬ್ಬರು ಅನುಮಾನಿಸುವುದನ್ನು ನಮ್ಮ ಅಡುಗೆಮನೆಗೆ ತಂದರು, ಇನ್ನೊಬ್ಬರು ಪೇಟೆಬೀದಿಗೆ.

ಎಂಬತ್ತರ ದಶಕದಲ್ಲಿ ಗಾಳಿ ತಿರುಗಿತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಬೆನ್ನಿಗೆ ಬಂದ ಆಂಧ್ರದ ರೈತರ ಕ್ಯಾಂಪುಗಳಲ್ಲಿ ಯಂಡಮೂರಿ ವೀರೇಂದ್ರನಾಥರ 'ತುಳಸೀದಳ'ದ ಮೂಲ ತೆಲುಗು ಧಾರಾವಾಹಿ ಮೊದಲೇ ಓಡುತ್ತಿತ್ತು. ಮುಂದೆ ವಂಶಿಯವರ ಅನುವಾದ ಕನ್ನಡದ ಮನೆಗಳಿಗೂ ಬಂತು, 1985ರಲ್ಲಿ ಸಿನಿಮಾ ಆಯಿತು. ಕಥೆ ಕಟ್ಟುವುದರಲ್ಲಿ ಯಂಡಮೂರಿ ದೊಡ್ಡವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಓದುಗನಿಗೂ ಪತ್ತೇದಾರನಿಗೂ ಇದ್ದ ಹಳೆಯ ಒಪ್ಪಂದವನ್ನು ಮುರಿದವರೂ ಅವರೇ.

ಪುರುಷೋತ್ತಮನ ಪುಸ್ತಕಗಳು ಈಗ ನಮ್ಮ ಊರಲ್ಲಿ ಹುಡುಕಿದರೂ ಸಿಗುವುದಿಲ್ಲ. ಅಂಗಡಿ ಮುಚ್ಚಿದ ದಿನ ಅವು ತೂಕಕ್ಕೆ ಹೋದವು. ಶೇಂಗಾ ಕಟ್ಟಿದ ಪೊಟ್ಟಣದಲ್ಲಿ ಒಂದು ಕೊಲೆಯ ಅರ್ಧ ಭಾಗ ಓದಿದ್ದು ಈಗಲೂ ನೋಯಿಸುತ್ತದೆ.

ಗಂಗಾವತಿಯಿಂದ ಒಮ್ಮೆ ತುಳಸೀದಳದ ಪೂರ್ತಿ ಪ್ರತಿ ತಂದು ಅಜ್ಜನಿಗೆ ಕೊನೆಯ ಭಾಗ ಓದಿ ಹೇಳಿದೆ. ಮಗು ಉಳಿಯುತ್ತದೆ. ಮಾಟವನ್ನು ಮುರಿದವರೂ ಇದ್ದಾರೆ, ವಿಜ್ಞಾನದ ದಾರಿ ಹಿಡಿದವರೂ ಇದ್ದಾರೆ. ಉಳಿಸಿದ್ದು ಯಾವುದೆಂದು ಲೇಖಕರು ಹೇಳುವುದಿಲ್ಲ. ಅಜ್ಜ ಕನ್ನಡಕ ತೆಗೆದು ಸ್ವಲ್ಪ ಹೊತ್ತು ಸುಮ್ಮನಿದ್ದ.

"ಹಂಗಾರ ಮಾಡಿದವ ಯಾರು?" ಎಂದ.