ಸಲಕರಣೆಯ ಸಂಸಾರ

ಹವ್ಯಾಸಗಳಲ್ಲಿ ಎರಡು ಜಾತಿಯುಂಟು. ನಡೆಯುವುದು, ಈಜುವುದು, ತನ್ನಷ್ಟಕ್ಕೆ ಹಾಡಿಕೊಳ್ಳುವುದು ಇವೆಲ್ಲ ಬರಿಗೈಯ ಹವ್ಯಾಸಗಳು; ಮೈಯೊಂದು ನೆಟ್ಟಗಿದ್ದರೆ ಸಾಕು. ಇನ್ನೊಂದು ಜಾತಿಯವು ಸಲಕರಣೆಯಿಲ್ಲದೆ ಒಂದು ಹೆಜ್ಜೆಯನ್ನೂ ಕಿತ್ತಿಡಲಾರವು. ಈ ಜಾತಿಯಲ್ಲಿ ಅಗ್ರಪೂಜೆಗೆ ತಕ್ಕವು ಎರಡು: ಮನೆಯಲ್ಲಿ ಎಸ್ಪ್ರೆಸೊ ಕಾಫಿಯನ್ನು ಇಳಿಸುವುದು ಒಂದು, ಹೈ-ಫೈ ಯಂತ್ರಗಳಲ್ಲಿ ಸಂಗೀತವನ್ನು ಕೇಳುವುದು ಇನ್ನೊಂದು. ಒಂದು ನಾಲಗೆಗೆ ಸಂಬಂಧಿಸಿದ್ದು, ಮತ್ತೊಂದು ಕಿವಿಗೆ. ಆದರೆ ಎರಡರ ಭಕ್ತರನ್ನೂ ಒಂದೆಡೆ ಕೂಡಿಸಿ ಮಾತಿಗೆ ಬಿಟ್ಟರೆ, ಅರ್ಧ ಗಳಿಗೆಯೊಳಗೆ ಅವರು ಒಂದೇ ಮಠದ ಶಿಷ್ಯರೆಂಬುದು ಗೊತ್ತಾಗಿಬಿಡುತ್ತದೆ.

ಕಲಬುರಗಿಯ ಶಹಾಬಜಾರದಲ್ಲಿ ಇಂಥ ಮಾತೇ ಎಂದು ವಾಚಕರು ಹುಬ್ಬೇರಿಸಬಹುದು. ಬಹಮನಿ ಅರಸರ ಕಾಲದ ಮಸೀದಿಯೊಂದನ್ನು ಮಡಿಲಲ್ಲಿಟ್ಟುಕೊಂಡಿರುವ ಹಳೆಯ ಬಡಾವಣೆ ಅದು. ಈ ಕಡೆಯ ಮಂದಿಗೆ ಪ್ರಿಯವಾದದ್ದು ಚಹಾ. ಅದಕ್ಕೆ ಬೇಕಾದ ಯಂತ್ರಸಂಪತ್ತು ಒಂದು ಪಾತ್ರೆ, ಒಂದು ಸೋಸಣಿಗೆ. ಆದರೆ ಅಲ್ಲಿಯ ಮಿತ್ರರೊಬ್ಬರ ಅಡುಗೆಮನೆಯಲ್ಲಿ ಈಗ ಹೊಳೆಯುವ ಉಕ್ಕಿನ ಕಾಫಿಯಂತ್ರವೊಂದು ಬಂದು ಕುಳಿತಿದೆ. ನಡುಮನೆಯಲ್ಲಿ ಹಳೆಯ ಗ್ರಾಮಫೋನಿನ ಮೊಮ್ಮಗನಂತಿರುವ ಟರ್ನ್‌ಟೇಬಲ್ಲೊಂದು ನೆಲೆಸಿದೆ. ಮನೆಯ ಉಳಿದವರು ಇವೆರಡರ ನಡುವೆ ಇದ್ದ ಜಾಗದಲ್ಲಿ ಸಂಸಾರ ಮಾಡಿಕೊಂಡಿದ್ದಾರೆ.

ಕಾಫಿಯಂತ್ರದ ವಂಶಾವಳಿ ಚಿಕ್ಕದಲ್ಲ. ಇಟಲಿಯ ಟ್ಯೂರಿನ್ ನಗರದ ಆಂಜೆಲೊ ಮೊರಿಯೊಂಡೊ 1884ರಲ್ಲಿ ಆವಿಯ ಬಲದಿಂದ ಕಾಫಿ ಮಾಡುವ ಯಂತ್ರಕ್ಕೆ ಹಕ್ಕುಪತ್ರ ಪಡೆದನು. 1901ರಲ್ಲಿ ಮಿಲಾನಿನ ಲೂಯಿಜಿ ಬೆಜ್ಜೆರಾ ಅದನ್ನು ತಿದ್ದಿ, ಒಂದೊಂದು ಬಟ್ಟಲನ್ನೂ ಬೇರೆಬೇರೆಯಾಗಿ ಇಳಿಸುವಂತೆ ಮಾಡಿದನು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಕಿಲ್ಲೆ ಗಾಜಿಯಾ ಎಂಬವನ ಸನ್ನೆಕೋಲಿನ ಯಂತ್ರಗಳು ಬಂದವು. ಆವಿಯಿಂದ ದೊರೆಯದ ಒತ್ತಡ ಸನ್ನೆಯಿಂದ ದೊರೆಯಿತು. ಬಟ್ಟಲಿನ ಮೇಲೆ ಹೊಂಬಣ್ಣದ ನೊರೆ ಕಟ್ಟಿತು. ಅಂದಿನಿಂದ ಇಂದಿನವರೆಗೂ ಭಕ್ತರು ಆ ನೊರೆಯ ಬೆನ್ನು ಹತ್ತಿದ್ದಾರೆ.

ನಮ್ಮ ಫಿಲ್ಟರ್ ಕಾಫಿಗೆ ಭೂಮಿಯ ಆಕರ್ಷಣೆಯೊಂದೇ ಸಾಕು. ನೀರು ಹೊಯ್ದು ಮುಚ್ಚಿಟ್ಟರೆ, ನೀವು ಸ್ನಾನ ಮಾಡಿ ಬರುವುದರೊಳಗೆ ಡಿಕಾಕ್ಷನ್ ತಾನಾಗಿ ಇಳಿದಿರುತ್ತದೆ. ಎಸ್ಪ್ರೆಸೊ ಹಾಗಲ್ಲ. ಸುಮಾರು 18 ಗ್ರಾಂ ಪುಡಿ. ವಾಯುಮಂಡಲದ ಒಂಬತ್ತು ಪಟ್ಟು ಒತ್ತಡ. 90 ಡಿಗ್ರಿ ಮೀರಿದ, ಆದರೆ ಕುದಿಯದ ನೀರು. 25ರಿಂದ 30 ಸೆಕೆಂಡುಗಳಲ್ಲಿ ಸುಮಾರು 36 ಗ್ರಾಂ ರಸ. ಪುಡಿ ಕೊಂಚ ತರಿಯಾದರೆ ನೀರು ಓಡಿಹೋಗಿ ಕಾಫಿ ಹುಳಿಯಾಗುತ್ತದೆ. ಕೊಂಚ ನುಣುಪಾದರೆ ನೀರು ತಡೆದು ಕಹಿಯಾಗುತ್ತದೆ. ನಿನ್ನೆ ಸರಿಯಿದ್ದ ಬೀಸು ಇಂದು ಸರಿಯಿಲ್ಲ, ಏಕೆಂದರೆ ಬೀಜಕ್ಕೆ ಒಂದು ದಿನದ ವಯಸ್ಸು ಹೆಚ್ಚಾಯಿತು. ಇದಲ್ಲದೆ ನೀರಿನ ಚಿಂತೆ ಬೇರೆ. ಶಹಾಬಾದ್, ವಾಡಿ, ಸೇಡಂಗಳ ಈ ಜಿಲ್ಲೆ ಸುಣ್ಣಕಲ್ಲಿನ ನಾಡು. ಗಡಸು ನೀರು ಕಾದಲ್ಲೆಲ್ಲ ಬಿಳಿಯ ಹೊಪ್ಪಳೆ ಕಟ್ಟುವುದು ಸಹಜ. ಪಾತ್ರೆಯಾದರೆ ಹುಣಿಸೆಹಣ್ಣಿನಲ್ಲಿ ತಿಕ್ಕಬಹುದು. ಯಂತ್ರದ ಕರುಳಿನೊಳಗೆ ಕಟ್ಟಿದ ಸುಣ್ಣವನ್ನು ಹೇಗೆ ತಿಕ್ಕುವುದು? ಆದಕಾರಣ ಮಿತ್ರರು ಮೊದಲು ನೀರನ್ನು ಸಂಸ್ಕರಿಸುತ್ತಾರೆ, ಆಮೇಲೆ ಯಂತ್ರವನ್ನು ಉಪಚರಿಸುತ್ತಾರೆ, ಕಟ್ಟಕಡೆಗೆ ಕಾಫಿ ಕುಡಿಯುತ್ತಾರೆ.

ಇದರಲ್ಲಿ ಒಂದು ವಿನೋದವಿದೆ. ಭಾರತದ ಕಾಫಿಯ ಬಹುಪಾಲು ಬೆಳೆಯುವುದು ಕರ್ನಾಟಕದಲ್ಲಿಯೇ. ಅದನ್ನು ಕೊಳ್ಳುವ ಹೊರದೇಶಗಳಲ್ಲಿ ಇಟಲಿ ಮುಂದಿನ ಸಾಲಿನದು. ನಮ್ಮ ಮಲೆಗಳ ಬೀಜ ಹಡಗು ಹತ್ತಿ ಅವರ ಬಟ್ಟಲಿಗೆ ಹೋಗುತ್ತದೆ. ಅವರ ಬಟ್ಟಲಿನ ಆಸೆ ಯಂತ್ರದ ರೂಪ ತಾಳಿ ಶಹಾಬಜಾರಕ್ಕೆ ಬರುತ್ತದೆ.

ಇನ್ನು ಸಂಗೀತದ ಯಂತ್ರ. ಅರಗಿನಿಂದ ಮಾಡಿದ ಹಳೆಯ ತಟ್ಟೆಗಳು ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದವು. ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ; ಉಕ್ಕಿನ ಮುಳ್ಳು ನೂರು ಗ್ರಾಮಿಗೂ ಮಿಕ್ಕ ಭಾರದಿಂದ ತಟ್ಟೆಯನ್ನು ಉಳುತ್ತ ಹೋಗುತ್ತಿತ್ತು. 1948ರಲ್ಲಿ ಅಮೆರಿಕದ ಕೊಲಂಬಿಯ ಕಂಪೆನಿ ನಿಮಿಷಕ್ಕೆ 33⅓ ಸುತ್ತು ತಿರುಗುವ ದೀರ್ಘವಾದನದ ತಟ್ಟೆಯನ್ನು ತಂದಿತು. ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮೇಲೆ ಹಾಡು ಹಿಡಿಯಿತು. ಇಂದಿನ ವಜ್ರದ ಮುಳ್ಳು ಸುಮಾರು 2 ಗ್ರಾಂ ಭಾರದಲ್ಲಿ ಗೀರನ್ನು ಸವರಿಕೊಂಡು ಹೋಗುತ್ತದೆ. ಆ ಎರಡು ಗ್ರಾಮನ್ನು ತೂಗಲು ಒಂದು ತಕ್ಕಡಿ, ಮಟ್ಟ ನೋಡಲು ಒಂದು ಮಟ್ಟಗೋಲು, ಧೂಳೊರಸಲು ಒಂದು ಕುಂಚ. ನೆಲದ ನಡುಕ ತಾಗಬಾರದೆಂದು ಮಿತ್ರರು ಯಂತ್ರದ ಕೆಳಗೆ ದಪ್ಪನಾದ ಶಹಾಬಾದಿ ಕಲ್ಲೊಂದನ್ನು ಹಾಸಿದ್ದಾರೆ. ತಲೆಮಾರುಗಳಿಂದ ನಮ್ಮ ಪಾದಗಳನ್ನು ತಣ್ಣಗಿಟ್ಟ ಕಲ್ಲಿಗೆ ಈ ಪದವಿ ದೊರೆತದ್ದು ನನಗಂತೂ ಸಂತೋಷವೇ. ಮನುಷ್ಯನ ಕಿವಿಗೆ ಸೆಕೆಂಡಿಗೆ 20,000 ಕಂಪನಗಳವರೆಗಿನ ನಾದ ನಿಲುಕುತ್ತದೆಂದು ಶಾಸ್ತ್ರ ಹೇಳುತ್ತದೆ. ಆದರೆ ಅದು ಎಳೆಯರ ಮಾತು; ವಯಸ್ಸಾದಂತೆ ಮೇಲಿನ ಅಂಚು ಸವೆಯುತ್ತದೆ. ಅಷ್ಟು ಸೂಕ್ಷ್ಮವಾದ ಯಂತ್ರವನ್ನು ಕೊಳ್ಳುವ ಶಕ್ತಿ ಕೈಗೆ ಬರುವ ಹೊತ್ತಿಗೆ, ಅದನ್ನು ಕೇಳುವ ಶಕ್ತಿ ಕಿವಿಯಿಂದ ಹೊರಟಿರುತ್ತದೆ!

ಒಂದು ಭಾನುವಾರ ನಾನು ಅಲ್ಲಿದ್ದಾಗ ಕಮಲಾಪುರದಿಂದ ಮಿತ್ರರ ಸೋದರಮಾವ ಬಂದರು. ಆ ಊರಿನ ಹೆಸರಾಂತ ಕೆಂಬಾಳೆಯ ಗೊನೆಯ ಎರಡು ಚಿಪ್ಪು ಕೈಯಲ್ಲಿತ್ತು. ಮಿತ್ರರು ಸಂಭ್ರಮದಿಂದ ಕಾಫಿಗೆ ತೊಡಗಿದರು. ಮೊದಲನೆಯದು ಬೇಗ ಇಳಿಯಿತೆಂದು ಚೆಲ್ಲಿದರು. ಎರಡನೆಯದು ತಡವಾಯಿತೆಂದು ಚೆಲ್ಲಿದರು. ಮುದುಕರು ಮಾತಾಡದೆ ಕಾದರು. ಕಾಯುವ ಹೊತ್ತಿಗಿರಲೆಂದು ಭೀಮಸೇನ ಜೋಶಿಯವರ ತಟ್ಟೆಯೊಂದನ್ನು ಹಚ್ಚಿದ್ದಾಯಿತು. ಆಲಾಪ ಕಾಲೂರುವುದರೊಳಗೆ ಎಡಗಡೆಯ ಪೆಟ್ಟಿಗೆಯನ್ನು ಅಂಗುಲದಷ್ಟು ಸರಿಸಬೇಕೆನಿಸಿ ಮಿತ್ರರು ಮುಳ್ಳನ್ನು ಎತ್ತಿದರು, ಮತ್ತೆ ಇಳಿಸಿದರು, ಮತ್ತೆ ಎತ್ತಿದರು. ಮೂರನೆಯ ಸಲ ಮುದುಕರು ಮೆಲ್ಲಗೆ ಹೇಳಿದರು: "ಅವರಿಗಿ ಹಾಡ್ಲಾಕ ಬಿಡಪಾ, ತಮ್ಮಾ."

ಆ ಮಾತು ನನ್ನನ್ನು ಬಹಳ ದಿನ ಹಿಂಬಾಲಿಸಿತು. ಆ ಭೀಮಸೇನರದೇ ಕಥೆ ನೋಡಿ. ರೋಣದಲ್ಲಿ ಹುಟ್ಟಿ ಗದಗಿನಲ್ಲಿ ಬೆಳೆದ ಹುಡುಗ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿಯನ್ನು ತಟ್ಟೆಯಲ್ಲಿ ಕೇಳಿದನು. ಹಾಗೆ ಹಾಡಬೇಕೆಂಬ ಹುಚ್ಚು ಹತ್ತಿತು. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟನು. ಮುಳ್ಳು ಕೆರೆಯುವ ಸದ್ದಿನ ನಡುವೆ ಮೂರು ನಿಮಿಷ ಕೇಳಿದ ಆ ದನಿ ಒಂದು ಬಾಳನ್ನೇ ತಿರುಗಿಸಿತು. ಇಂದಿನ ಯಂತ್ರರಸಿಕರು ಆ ಸದ್ದನ್ನು ಒಂದು ಕ್ಷಣವೂ ಸಹಿಸಲಾರರು.

ಹಾಗೆಂದು ಸಲಕರಣೆಯ ಚಿಂತೆಯೆಲ್ಲ ವ್ಯರ್ಥವೆಂದು ತೀರ್ಪು ಕೊಡುವುದು ಆತುರವಾದೀತು. ಖಾನ್ ಸಾಹೇಬರು 1937ರಲ್ಲಿ ತೀರಿಕೊಂಡರು. ಅವರ ದನಿ ಇಂದಿಗೂ ಉಳಿದಿದೆ. ಅರಗಿನ ಹದ, ಮುಳ್ಳಿನ ಮೊನೆ, ಗಾಯಕನ ಬಾಯಿಗೂ ಯಂತ್ರಕ್ಕೂ ಇರಬೇಕಾದ ದೂರ ಇವನ್ನು ಕುರಿತು ಯಾರೋ ಪಟ್ಟುಹಿಡಿದು ತಲೆಕೆಡಿಸಿಕೊಂಡಿದ್ದರಿಂದಲೇ ಅದು ಉಳಿಯಿತು. ಮಿತ್ರರ ನಾಲಗೆಯೂ ಮೊದಲಿನಂತಿಲ್ಲ; ಬೇರೆಬೇರೆ ತೋಟದ ಬೀಜಗಳ ರುಚಿಯ ಭೇದವನ್ನು ಅದು ಗುರುತಿಸಬಲ್ಲದು. ಅದು ವಿದ್ಯೆಯಲ್ಲದೆ ಮತ್ತೇನು?

ಈ ಪ್ರಶ್ನೆ ಕನ್ನಡದ ಅಧ್ಯಾಪಕನಾದ ನನ್ನ ಬಾಗಿಲಿಗೂ ಬರುತ್ತದೆ. ನಮ್ಮ ಜಿಲ್ಲೆಯ ಮಳಖೇಡದಲ್ಲಿ, ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ಒಂಬತ್ತನೆಯ ಶತಮಾನದ ಗ್ರಂಥ. ಅದರ ಮೊದಲ ಪರಿಚ್ಛೇದವೇ ಕಾವ್ಯದ ದೋಷಾದೋಷಗಳ ವಿಚಾರ. ಅಲಂಕಾರಗಳ ಮಾತು ಬರುವುದು ಅನಂತರ. ದೋಷವನ್ನರಿಯದವನಿಗೆ ಗುಣ ಕಾಣದೆಂಬುದು ನಿಜ. ನಾವು ತರಗತಿಯಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕಿಸುತ್ತೇವೆ, ಗಣ ವಿಭಾಗ ಮಾಡಿಸುತ್ತೇವೆ, ಪ್ರಾಸ ಹುಡುಕಿಸುತ್ತೇವೆ. ಅಷ್ಟರಲ್ಲಿ ಗಂಟೆ ಬಾರಿಸುತ್ತದೆ. ಪದ್ಯವನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿನಲ್ಲಿ ಓದಿ ಕೇಳಿಸಲು ಹೊತ್ತೇ ಉಳಿಯುವುದಿಲ್ಲ. ಮುಳ್ಳನ್ನು ಎತ್ತಿ ಇಳಿಸುವ ಮಿತ್ರರಿಗೂ ನಮಗೂ ಏನು ಅಂತರ? ಅವರು ತಮ್ಮ ಹಣದಲ್ಲಿ ಮಾಡುತ್ತಾರೆ. ನಾವು ಸಂಬಳಕ್ಕೆ ಮಾಡುತ್ತೇವೆ.

ಆದ್ದರಿಂದ ಸಲಕರಣೆಯನ್ನು ಬಿಡಬೇಕಾದ್ದಿಲ್ಲ. ಅದಕ್ಕೆ ಹೊತ್ತುಗೊತ್ತು ಇರಬೇಕು. ಬೀಸುವ ಕಲ್ಲನ್ನು ತಿದ್ದುವ ದಿನ ಬೇರೆ, ಅತಿಥಿ ಬಂದ ದಿನ ಬೇರೆ. ಪೆಟ್ಟಿಗೆಯನ್ನು ಸರಿಸುವ ಸಂಜೆ ಬೇರೆ, ಹಾಡು ಕೇಳುವ ಸಂಜೆ ಬೇರೆ. ಸ್ವಲ್ಪ ಹುಳಿಯಾದ ಕಾಫಿಯನ್ನೂ ಬಿಸಿಯಾಗಿರುವಾಗಲೇ ಅತಿಥಿಯ ಕೈಗೆ ಕೊಡುವ ಧೈರ್ಯ ಬೇಕು. ಹಾಗೆಯೇ ಮೇಷ್ಟರಿಗೆ, ವಾರಕ್ಕೊಂದು ಗಂಟೆಯಾದರೂ, ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು ಪದ್ಯವನ್ನು ಸುಮ್ಮನೆ ಓದುವ ಧೈರ್ಯ ಬೇಕು. ಗಣಗಳು ಎಲ್ಲಿಗೂ ಓಡಿಹೋಗುವುದಿಲ್ಲ. ಮರುದಿನವೂ ಅಲ್ಲಿಯೇ ಇರುತ್ತವೆ.