ತೋಳಿನ ಮೇಲಿನ ಗ್ಲೂಕೋಸ್ ಮಾಪಕ: ತಪ್ಪು ಎಲ್ಲಿದೆ ಎಂದು ತಿಳಿಯುವುದು ಹೇಗೆ?



ನಿಮ್ಮ ಶಾಲೆಯಲ್ಲೋ ಕಾಲೇಜಿನಲ್ಲೋ ಒಬ್ಬ ಸಹಪಾಠಿಯ ತೋಳಿನ ಹಿಂಬದಿಯಲ್ಲಿ ಹತ್ತು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾದ ಬಿಲ್ಲೆಯೊಂದು ಅಂಟಿಕೊಂಡಿರುವುದನ್ನು ನೀವು ಕಂಡಿರಬಹುದು. ಅದು ಅಲಂಕಾರವಲ್ಲ, ಆಟಿಕೆಯೂ ಅಲ್ಲ. ದೇಹದಲ್ಲಿನ ಗ್ಲೂಕೋಸ್ ಪ್ರಮಾಣವನ್ನು ಹಗಲೂ ರಾತ್ರಿ ಅಳೆಯುತ್ತಿರುವ ಉಪಕರಣ ಅದು. ಟೈಪ್ 1 ಮಧುಮೇಹವುಳ್ಳವರಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳು ನಾಶವಾಗಿರುತ್ತವೆ. ಆದ್ದರಿಂದ ಅವರು ಪ್ರತಿದಿನ ಹೊರಗಿನಿಂದ ಇನ್ಸುಲಿನ್ ತೆಗೆದುಕೊಳ್ಳಲೇಬೇಕು. ಎಷ್ಟು ತೆಗೆದುಕೊಳ್ಳಬೇಕು ಎಂಬುದನ್ನು ನಿರ್ಧರಿಸಲು ಈ ಬಿಲ್ಲೆ ತೋರಿಸುವ ಅಂಕಿಯೇ ಅನೇಕರಿಗೆ ಆಧಾರ.

ಹಾಗಾದರೆ ಆ ಅಂಕಿಯೇ ತಪ್ಪಾದರೆ? ನಿಜವಾದ ಪ್ರಮಾಣ 90 ಇರುವಾಗ ಉಪಕರಣ 250 ಎಂದು ತೋರಿಸಿತೆನ್ನಿ. ಅದನ್ನು ನಂಬಿ ಹೆಚ್ಚು ಇನ್ಸುಲಿನ್ ತೆಗೆದುಕೊಂಡವರು ಕೆಲವೇ ಹೊತ್ತಿನಲ್ಲಿ ಪ್ರಜ್ಞೆ ತಪ್ಪಬಹುದು. ಇದಕ್ಕೆ ಬದಲಾಗಿ, ಸರಿಯಾಗಿಯೇ ಕೆಲಸ ಮಾಡುತ್ತಿರುವ ಸಂವೇದಕವನ್ನು ಕೆಟ್ಟಿದೆ ಎಂದು ಕಿತ್ತೆಸೆದರೆ ಸಾವಿರಾರು ರೂಪಾಯಿ ವ್ಯರ್ಥವಾಗುತ್ತದೆ. ಆದ್ದರಿಂದ ದೋಷ ಎಲ್ಲಿದೆ ಎಂದು ಕ್ರಮವಾಗಿ ಹುಡುಕುವ ವಿಧಾನವನ್ನು ತಿಳಿದುಕೊಳ್ಳುವುದು ಅಗತ್ಯ.

ಉಪಕರಣ ಕೆಲಸ ಮಾಡುವ ಬಗೆ

ಬಿಲ್ಲೆಯ ಕೆಳಗೆ ಕೂದಲೆಳೆಯಂಥ ತೆಳುವಾದ ಎಳೆಯೊಂದಿರುತ್ತದೆ. ಅದು ಚರ್ಮದಡಿಯಲ್ಲಿ ಕೆಲವು ಮಿಲಿಮೀಟರ್ ಆಳದವರೆಗೆ ಇಳಿದಿರುತ್ತದೆ. ಒಂದು ಮುಖ್ಯ ಸಂಗತಿಯನ್ನು ಇಲ್ಲಿ ಗಮನಿಸಿ. ಈ ಎಳೆ ರಕ್ತನಾಳದೊಳಗೆ ಇರುವುದಿಲ್ಲ. ಜೀವಕೋಶಗಳ ನಡುವೆ ತುಂಬಿಕೊಂಡಿರುವ ಅಂಗಾಂಶ ದ್ರವದಲ್ಲಿ ಇರುತ್ತದೆ. ಎಳೆಯ ಮೇಲೆ ಲೇಪಿಸಿದ ಕಿಣ್ವವು ಗ್ಲೂಕೋಸಿನೊಡನೆ ವರ್ತಿಸುತ್ತದೆ. ಆ ರಾಸಾಯನಿಕ ಕ್ರಿಯೆಯಿಂದ ವಿದ್ಯುದ್ವಾರದಲ್ಲಿ ಅತ್ಯಲ್ಪ ಪ್ರಮಾಣದ ವಿದ್ಯುತ್ ಹರಿಯುತ್ತದೆ. ಗ್ಲೂಕೋಸ್ ಹೆಚ್ಚಿದ್ದರೆ ವಿದ್ಯುತ್ ಹೆಚ್ಚು, ಕಡಿಮೆಯಿದ್ದರೆ ಕಡಿಮೆ. ಕಿಣ್ವವನ್ನೂ ವಿದ್ಯುದ್ವಾರವನ್ನೂ ಹೀಗೆ ಜೋಡಿಸುವ ಉಪಾಯವನ್ನು ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚ್ಯಾಂಪ್ ಲಯನ್ಸ್ 1962ರಲ್ಲಿ ಪ್ರಕಟಿಸಿದರು. ನಿರಂತರವಾಗಿ ಅಳೆಯುವ ಮೊದಲ ಉಪಕರಣಕ್ಕೆ ಅಮೆರಿಕದಲ್ಲಿ ಅನುಮತಿ ದೊರೆತದ್ದು 1999ರಲ್ಲಿ.

ಬಿಲ್ಲೆಯೊಳಗಿನ ಪುಟ್ಟ ಪ್ರೇಷಕವು ಈ ಅಳತೆಯನ್ನು ಬ್ಲೂಟೂತ್ ಅಲೆಗಳ ಮೂಲಕ ಮೊಬೈಲಿಗೋ ಪ್ರತ್ಯೇಕ ಗ್ರಾಹಕ ಯಂತ್ರಕ್ಕೋ ಕಳಿಸುತ್ತದೆ. ಐದು ನಿಮಿಷಕ್ಕೊಮ್ಮೆ ಕಳಿಸುವ ಮಾದರಿಯಾದರೆ ದಿನಕ್ಕೆ 288 ಅಂಕಿಗಳು. ಹೀಗೆ ಇದೊಂದು ಸರಪಳಿ: ದ್ರವ, ರಾಸಾಯನಿಕ ಕ್ರಿಯೆ, ಎಳೆ ಮತ್ತು ಅಂಟು, ರೇಡಿಯೊ ಅಲೆ, ಕೊನೆಗೆ ಮೊಬೈಲ್. ಯಾವ ದೋಷವೇ ಆಗಲಿ, ಈ ಐದು ಕೊಂಡಿಗಳಲ್ಲಿ ಒಂದರಲ್ಲಿ ಇರುತ್ತದೆ. ಒಂದೊಂದಾಗಿ ಪರೀಕ್ಷಿಸಿದರೆ ಸಾಕು.

ಮೊದಲು ವ್ಯಕ್ತಿ, ಆಮೇಲೆ ಯಂತ್ರ

ಪರದೆಯ ಮೇಲೆ ಏನೇ ಬಂದಿರಲಿ, ಮೊದಲು ನೋಡಬೇಕಾದದ್ದು ಮನುಷ್ಯನನ್ನು. ಕೈ ನಡುಕ, ಬೆವರು, ತೀವ್ರ ಹಸಿವು, ತಲೆಸುತ್ತು, ಮಾತು ತಡವರಿಸುವುದು, ಅಕಾರಣ ಸಿಟ್ಟು, ಇವೆಲ್ಲ ಗ್ಲೂಕೋಸ್ ಕುಸಿದಿರುವ ಸೂಚನೆಗಳು. ಇವು ಕಂಡುಬಂದು, ಪರದೆ ಮಾತ್ರ ಎಲ್ಲ ಸರಿಯಿದೆ ಎನ್ನುತ್ತಿದ್ದರೆ ಪರದೆಯನ್ನು ನಂಬಬಾರದು. ಬೆರಳು ಚುಚ್ಚಿ ನೋಡುವ ಗ್ಲೂಕೋಮೀಟರಿನಿಂದ ಕೂಡಲೇ ಪರೀಕ್ಷಿಸಬೇಕು. ಗ್ಲೂಕೋಮೀಟರ್ ಹತ್ತಿರವಿಲ್ಲದಿದ್ದರೆ ಗ್ಲೂಕೋಸ್ ಕಡಿಮೆಯಾಗಿದೆ ಎಂದೇ ಭಾವಿಸಿ, ಸುಮಾರು 15 ಗ್ರಾಂ ಸಕ್ಕರೆ ಕೊಡಬೇಕು. ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿದರೆ ಆ ಪ್ರಮಾಣ ದೊರೆಯುತ್ತದೆ. 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಕೂಡದು. ಅವರನ್ನು ಒಂದು ಮಗ್ಗುಲಿಗೆ ಮಲಗಿಸಿ, 108ಕ್ಕೆ ಕರೆಮಾಡಿ.

ಮೊದಲ ಕೊಂಡಿ: ದ್ರವ

ಊಟದ ನಂತರ ಗ್ಲೂಕೋಸ್ ಮೊದಲು ರಕ್ತಕ್ಕೆ ಬರುತ್ತದೆ, ಆಮೇಲೆ ಅಂಗಾಂಶ ದ್ರವಕ್ಕೆ ಇಳಿಯುತ್ತದೆ. ಇದಕ್ಕೆ ಸುಮಾರು 5ರಿಂದ 15 ನಿಮಿಷ ಹಿಡಿಯುತ್ತದೆ. ಆದ್ದರಿಂದ ಊಟವಾದ ಹೊಸದರಲ್ಲಿ ಅಥವಾ ಕಬಡ್ಡಿ ಆಡಿ ಬಂದ ಕೂಡಲೇ ಬೆರಳಿನ ಅಂಕಿಗೂ ತೋಳಿನ ಅಂಕಿಗೂ ವ್ಯತ್ಯಾಸ ಕಂಡರೆ ಅದು ದೋಷವಲ್ಲ, ವಿಳಂಬ. ಸಕ್ಕರೆ ನೀರು ಕುಡಿದು ಚೇತರಿಸಿಕೊಂಡ ಮೇಲೂ ಬಿಲ್ಲೆ ಸ್ವಲ್ಪ ಹೊತ್ತು ಕಡಿಮೆ ಅಂಕಿಯನ್ನೇ ತೋರಿಸುವುದು ಇದೇ ಕಾರಣಕ್ಕೆ. ಅದನ್ನು ನೋಡಿ ಗಾಬರಿಯಿಂದ ಮತ್ತೆ ಮತ್ತೆ ಸಿಹಿ ತಿಂದರೆ ಅನಂತರ ಗ್ಲೂಕೋಸ್ ವಿಪರೀತ ಏರುತ್ತದೆ. ಇಂಥ ಹೊತ್ತಿನಲ್ಲಿ ಬೆರಳಿನ ಪರೀಕ್ಷೆಯನ್ನೇ ನಂಬಬೇಕು.

ಇನ್ನೊಂದು ಸಂಗತಿ ರಾತ್ರಿಯದು. ಬಿಲ್ಲೆಯಿರುವ ತೋಳಿನ ಮೇಲೇ ಮಗ್ಗುಲಾಗಿ ಮಲಗಿದರೆ ಆ ಜಾಗ ಒತ್ತಿಹೋಗಿ, ಅಲ್ಲಿಗೆ ದ್ರವದ ಹರಿವು ಕಡಿಮೆಯಾಗುತ್ತದೆ. ಆಗ ಅಂಕಿ ಥಟ್ಟನೆ ಕುಸಿದು ಎಚ್ಚರಿಕೆಯ ಗಂಟೆ ಬಾರಿಸುತ್ತದೆ. ಮಗ್ಗುಲು ಬದಲಿಸಿದ ಸ್ವಲ್ಪ ಹೊತ್ತಿನಲ್ಲೇ ಅಂಕಿ ಮೇಲೇರಿದರೆ ಒತ್ತಡವೇ ಕಾರಣವಾಗಿರಬಹುದು. ಆದರೂ ನಿದ್ದೆಗಣ್ಣಿನಲ್ಲಿ ಹಾಗೆಂದು ಊಹಿಸಿ ಮಲಗಿಬಿಡುವುದು ಅಪಾಯ. ಒಮ್ಮೆ ಬೆರಳು ಚುಚ್ಚಿ ನೋಡಿಯೇ ಮಲಗಬೇಕು.

ಹೊಸ ಸಂವೇದಕವನ್ನು ಹಾಕಿದ ಮೇಲೆ ಅದು ಸಿದ್ಧವಾಗಲು ಕಾಲ ಬೇಕು. ಮಾದರಿಗೆ ತಕ್ಕಂತೆ ಇದು ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ಇರುತ್ತದೆ. ಮೊದಲ 24 ಗಂಟೆಗಳಲ್ಲಿ ಅಂಕಿ ಸ್ವಲ್ಪ ಏರುಪೇರಾಗುವುದುಂಟು. ಆ ದಿನ ಬೆರಳಿನ ಪರೀಕ್ಷೆ ಹೆಚ್ಚು ಬಾರಿ ಮಾಡುವುದು ಒಳ್ಳೆಯದು.

ಎರಡನೆಯ ಕೊಂಡಿ: ರಾಸಾಯನಿಕ ಕ್ರಿಯೆ

ವಿದ್ಯುದ್ವಾರಕ್ಕೆ ತಿಳಿಯುವುದು ಎಲೆಕ್ಟ್ರಾನುಗಳು ಮಾತ್ರ. ಅವು ಗ್ಲೂಕೋಸಿನಿಂದ ಬಂದವೋ ಬೇರೊಂದು ಪದಾರ್ಥದಿಂದ ಬಂದವೋ ಎಂಬುದನ್ನು ಅದು ಯಾವಾಗಲೂ ಬೇರ್ಪಡಿಸಲಾರದು. ಕೆಲವು ಮಾದರಿಗಳಲ್ಲಿ ದಿನಕ್ಕೆ 500 ಮಿಲಿಗ್ರಾಮಿಗಿಂತ ಹೆಚ್ಚು ವಿಟಮಿನ್ ಸಿ ಮಾತ್ರೆ ತೆಗೆದುಕೊಂಡರೆ ಅಂಕಿ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಇನ್ನು ಕೆಲವು ಹಳೆಯ ಮಾದರಿಗಳಲ್ಲಿ ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಕೂಡ ಹೀಗೆಯೇ ಮಾಡುತ್ತಿತ್ತು. ಕುಡುಗೋಲು ಕಣ ರೋಗಕ್ಕೆ ಕೊಡುವ ಹೈಡ್ರಾಕ್ಸಿಯೂರಿಯಾ ಸಹ ಕೆಲವು ಮಾದರಿಗಳಲ್ಲಿ ಅಂಕಿಯನ್ನು ಏರಿಸಿ ತೋರಿಸುತ್ತದೆ. ತಪ್ಪಾಗಿ ಏರಿದ ಅಂಕಿಯೇ ಹೆಚ್ಚು ಅಪಾಯಕರ, ಏಕೆಂದರೆ ಅದು ಬೇಡದ ಇನ್ಸುಲಿನ್ ತೆಗೆದುಕೊಳ್ಳುವಂತೆ ಪ್ರೇರೇಪಿಸುತ್ತದೆ. ಆದ್ದರಿಂದ ಹೊಸ ಔಷಧಿ ಬರೆದುಕೊಡುವ ವೈದ್ಯರಿಗೆ ಸಂವೇದಕದ ವಿಷಯ ಹೇಳಬೇಕು, ಪೆಟ್ಟಿಗೆಯೊಳಗಿನ ಮಾಹಿತಿ ಪತ್ರವನ್ನೂ ಓದಬೇಕು.

ಮೂರನೆಯ ಕೊಂಡಿ: ಎಳೆ, ಅಂಟು ಮತ್ತು ಶಾಖ

ಎಣ್ಣೆ ಹಚ್ಚಿದ, ಬೆವರಿದ ಅಥವಾ ಒದ್ದೆಯಾದ ಚರ್ಮದ ಮೇಲೆ ಅಂಟು ಹಿಡಿಯುವುದಿಲ್ಲ. ಅಂಚು ಏಳತೊಡಗಿದರೆ ಒಳಗಿನ ಎಳೆಯೂ ಅಲುಗಾಡಿ, ಅಂಕಿಗಳು ಅರ್ಥವಿಲ್ಲದೆ ಕುಣಿಯುತ್ತವೆ. ಅಂಚು ಮಾತ್ರ ಎದ್ದಿದ್ದರೆ ಅದರ ಮೇಲೆ ವೈದ್ಯಕೀಯ ಪಟ್ಟಿ ಅಂಟಿಸಬಹುದು. ಅರ್ಧ ಹೊರಬಂದ ಸಂವೇದಕವನ್ನು ಒಳಕ್ಕೆ ಒತ್ತಿ ಕೂರಿಸುವುದು ಸಲ್ಲದು. ಅದನ್ನು ತೆಗೆದು ಹೊಸದನ್ನು ಬೇರೆ ಜಾಗದಲ್ಲಿ ಹಾಕಬೇಕು.

ಬಿಸಿಲಿನ ಪ್ರಭಾವವೂ ಇದೆ. ಬಹುವಾಗಿ ಬಳಕೆಯಲ್ಲಿರುವ ಒಂದು ಮಾದರಿ ಕೆಲಸ ಮಾಡುವುದು 10ರಿಂದ 45 ಡಿಗ್ರಿ ಸೆಲ್ಸಿಯಸ್ ನಡುವೆ. ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ಗಾಳಿಯ ಉಷ್ಣತೆಯೇ 40 ದಾಟುತ್ತದೆ. ಸೂರ್ಯನ ಬಿಸಿಲು ನೇರವಾಗಿ ಬಿದ್ದ ಬಿಲ್ಲೆ ಇನ್ನೂ ಕಾಯಬಹುದು. ಆಗ ಸಂವೇದಕ ತುಂಬಾ ಬಿಸಿಯಾಗಿದೆ ಎಂಬ ಸೂಚನೆ ಬರುತ್ತದೆ. ಅದರ ಮೇಲೆ ಮಂಜುಗಡ್ಡೆ ಇಡಬೇಡಿ. ನೆರಳಿಗೆ ಬಂದು ಕೆಲವು ನಿಮಿಷ ಬಿಟ್ಟು ಮತ್ತೆ ನೋಡಿ.

ನಾಲ್ಕನೆಯ ಕೊಂಡಿ: ರೇಡಿಯೊ ಅಲೆ

'ಸಂಕೇತ ಸಿಗುತ್ತಿಲ್ಲ' ಎಂಬ ಸೂಚನೆ ಬಂದಾಗ ಸಂವೇದಕ ಕೆಟ್ಟಿದೆ ಎಂದು ಅನೇಕರು ತಿಳಿಯುತ್ತಾರೆ. ವಾಸ್ತವವಾಗಿ ಅಳತೆ ನಡೆಯುತ್ತಲೇ ಇರುತ್ತದೆ, ಸುದ್ದಿ ಮಾತ್ರ ತಲಪುತ್ತಿರುವುದಿಲ್ಲ. ಅಡೆತಡೆಯಿಲ್ಲದ ಜಾಗದಲ್ಲಿ ಬಿಲ್ಲೆಗೂ ಮೊಬೈಲಿಗೂ ಸುಮಾರು 6 ಮೀಟರ್ ಅಂತರ ಇರಬಹುದು. ಬ್ಲೂಟೂತ್ ಅಲೆಗಳ ಆವರ್ತಾಂಕ ಸುಮಾರು 2.4 ಗಿಗಾಹರ್ಟ್ಸ್. ಈ ಅಲೆಗಳನ್ನು ನೀರು ಹೀರಿಕೊಳ್ಳುತ್ತದೆ. ನಮ್ಮ ಶರೀರದ ಬಹುಭಾಗ ನೀರೇ ಆಗಿರುವುದರಿಂದ, ಎಡತೋಳಿನ ಬಿಲ್ಲೆಗೂ ಬಲ ಜೇಬಿನ ಮೊಬೈಲಿಗೂ ನಡುವೆ ದೇಹವೇ ಗೋಡೆಯಾಗಬಹುದು. ಬ್ಲೂಟೂತ್ ಧ್ವನಿಪೆಟ್ಟಿಗೆ ನಿಮ್ಮಲ್ಲಿದ್ದರೆ ಮೊಬೈಲನ್ನು ಹಿಡಿದು ದೂರ ಸರಿಯುತ್ತ, ನಡುನಡುವೆ ಬೆನ್ನು ತಿರುಗಿಸಿ ನಿಂತು ಇದನ್ನು ನೀವೇ ಪರೀಕ್ಷಿಸಿ ನೋಡಬಹುದು.

ಪರಿಹಾರ ಸರಳ. ಮೊಬೈಲನ್ನು ಬಿಲ್ಲೆಯ ಬದಿಗೇ ತನ್ನಿ, ಬ್ಲೂಟೂತ್ ಚಾಲೂ ಇದೆಯೇ ನೋಡಿ, ಕೆಲವು ನಿಮಿಷ ಕಾಯಿರಿ. ಅನೇಕ ಮಾದರಿಗಳು ಕೆಲವು ಗಂಟೆಗಳ ಅಂಕಿಗಳನ್ನು ತಮ್ಮೊಳಗೇ ಕಾದಿರಿಸಿಕೊಂಡು, ಸಂಪರ್ಕ ಮರಳಿದಾಗ ಒಪ್ಪಿಸುತ್ತವೆ. ಆದರೆ ಒಂದು ಮಾತು. ದಾಖಲೆ ಆಮೇಲೆ ಬರಬಹುದು, ತಪ್ಪಿಹೋದ ಎಚ್ಚರಿಕೆ ಗಂಟೆ ಆಮೇಲೆ ಬಾರಿಸಿ ಪ್ರಯೋಜನವಿಲ್ಲ.

ಪರೀಕ್ಷಾ ಕೊಠಡಿಯಲ್ಲಿ ಇದು ನಿಜವಾದ ತೊಡಕು. ಮೊಬೈಲ್ ಹೊರಗೆ, ವಿದ್ಯಾರ್ಥಿ ಒಳಗೆ. ಸಿಬಿಎಸ್‌ಇ ಮಂಡಳಿಯು 2017ರಲ್ಲಿ ಟೈಪ್ 1 ಮಧುಮೇಹವುಳ್ಳ ಪರೀಕ್ಷಾರ್ಥಿಗಳು ಸಕ್ಕರೆ ಮಾತ್ರೆ, ಹಣ್ಣು, ನೀರು ಮುಂತಾದವನ್ನು ಒಳಗೆ ಒಯ್ಯಲು ಅನುಮತಿ ನೀಡಿತು. ನೀವು ಯಾವ ಮಂಡಳಿಯ ಪರೀಕ್ಷೆ ಬರೆಯುವವರಾದರೂ ವೈದ್ಯರ ಪತ್ರದೊಡನೆ ಮುಖ್ಯೋಪಾಧ್ಯಾಯರನ್ನು ಮೊದಲೇ ಕಾಣಿರಿ. ಗ್ರಾಹಕ ಯಂತ್ರವನ್ನು ಮೇಲ್ವಿಚಾರಕರ ಮೇಜಿನ ಮೇಲಿಡಬಹುದೇ, ಗ್ಲೂಕೋಮೀಟರ್ ಒಯ್ಯಬಹುದೇ ಎಂಬುದನ್ನು ಪರೀಕ್ಷೆಯ ದಿನ ಬಾಗಿಲಲ್ಲಿ ನಿಂತು ಕೇಳುವಂತಾಗಬಾರದು.

ಐದನೆಯ ಕೊಂಡಿ: ಮೊಬೈಲ್

ಕೆಲವೊಮ್ಮೆ ಉಳಿದೆಲ್ಲವೂ ಸರಿಯಿದ್ದು ಮೊಬೈಲ್ ಮೌನವಾಗಿರುತ್ತದೆ. ಶಬ್ದ ನಿಲ್ಲಿಸಿರಬಹುದು, ಬ್ಯಾಟರಿ ಉಳಿಸುವ ವ್ಯವಸ್ಥೆಯು ಆ್ಯಪನ್ನು ಮಲಗಿಸಿರಬಹುದು, ಸೂಚನೆ ನೀಡುವ ಅನುಮತಿ ರದ್ದಾಗಿರಬಹುದು. ಮೊಬೈಲಿನ ಇಂಥ ವ್ಯವಸ್ಥೆಗಳಿಂದಾಗಿ ಮುಖ್ಯ ಎಚ್ಚರಿಕೆಗಳು ತಪ್ಪಿಹೋಗಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರ ಫೆಬ್ರವರಿಯಲ್ಲಿ ಬಳಕೆದಾರರನ್ನು ಎಚ್ಚರಿಸಿತು. ಮೊಬೈಲಿನ ತಂತ್ರಾಂಶ ಬದಲಾದಾಗಲೆಲ್ಲ ಈ ಮೂರನ್ನೂ ಮತ್ತೆ ಪರೀಕ್ಷಿಸಿಕೊಳ್ಳಿ.

ಹೋಲಿಸಿ ನೋಡುವ ಕ್ರಮ

ಅನುಮಾನ ಬಂದಾಗ ಬೆರಳಿನ ಪರೀಕ್ಷೆಯೇ ತೀರ್ಪು ಕೊಡಬೇಕು. ಅದಕ್ಕೂ ನಿಯಮಗಳಿವೆ. ಕೈಯನ್ನು ಸಾಬೂನಿನಿಂದ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಮಾವಿನ ಹಣ್ಣು ಮುಟ್ಟಿದ ಅಥವಾ ಬೆಲ್ಲ ಹಿಡಿದ ಬೆರಳಿನಲ್ಲಿ ಉಳಿದ ಸಿಹಿಯೇ ಅಂಕಿಯನ್ನು ಏರಿಸಿಬಿಡುತ್ತದೆ. ಗ್ಲೂಕೋಸ್ ಏರುತ್ತಲೋ ಇಳಿಯುತ್ತಲೋ ಇರುವಾಗ ಹೋಲಿಸದೆ, ಸ್ಥಿರವಾಗಿರುವಾಗ ಹೋಲಿಸಿ. ಬೆರಳಿನಲ್ಲಿ 200, ತೋಳಿನಲ್ಲಿ 175 ಬಂದರೆ ವ್ಯತ್ಯಾಸ ಶೇಕಡ 12.5. ಇದು ಸಹಜ. ಬೆರಳಿನಲ್ಲಿ 200, ತೋಳಿನಲ್ಲಿ 120 ಬಂದರೆ ವ್ಯತ್ಯಾಸ ಶೇಕಡ 40. ಒಂದೆರಡು ಗಂಟೆಯ ನಂತರ ಮತ್ತೆ ಹೋಲಿಸಿದಾಗಲೂ ಇಷ್ಟೇ ವ್ಯತ್ಯಾಸವಿದ್ದರೆ ಸಂವೇದಕವನ್ನು ಬದಲಿಸಬೇಕು. ತೆಗೆದುದನ್ನು ಕೂಡಲೇ ಎಸೆಯಬೇಡಿ. ಅದನ್ನೂ ಕ್ರಮಸಂಖ್ಯೆಯಿರುವ ಪೆಟ್ಟಿಗೆಯನ್ನೂ ಇಟ್ಟುಕೊಂಡು ತಯಾರಕರ ಸಹಾಯವಾಣಿಗೆ ತಿಳಿಸಿದರೆ ಬದಲಿ ಸಿಗುವ ಸಾಧ್ಯತೆ ಇರುತ್ತದೆ.

ಇನ್ನೊಂದು ಎಚ್ಚರಿಕೆ. ಚರ್ಮಕ್ಕೆ ಚುಚ್ಚದೆಯೇ ಗ್ಲೂಕೋಸ್ ಅಳೆಯುತ್ತೇವೆ ಎಂದು ಹೇಳಿಕೊಳ್ಳುವ ಕೈಗಡಿಯಾರ ಮತ್ತು ಉಂಗುರಗಳನ್ನು ನಂಬಬಾರದೆಂದು ಅದೇ ಅಮೆರಿಕದ ಸಂಸ್ಥೆ 2024ರ ಫೆಬ್ರವರಿಯಲ್ಲಿ ಸಾರಿತು. ಅವುಗಳಲ್ಲಿ ಒಂದಕ್ಕೂ ಆಗ ಅದು ಅನುಮತಿ ನೀಡಿರಲಿಲ್ಲ.

ಬಿಲ್ಲೆ ಧರಿಸದ ವಿದ್ಯಾರ್ಥಿಗಳಿಗೂ ಇದರಲ್ಲಿ ಪಾತ್ರವಿದೆ. ನಿಮ್ಮ ಗೆಳೆಯನ ಮೊಬೈಲ್ ತರಗತಿಯಲ್ಲಿ ಸದ್ದು ಮಾಡಿದರೆ ನಗಬೇಡಿ, ಅವನ ಮುಖ ನೋಡಿ. ಗೆಳತಿಯ ಕೈ ನಡುಗುತ್ತಿದ್ದರೆ ಅವಳ ಚೀಲದಲ್ಲಿ ಗ್ಲೂಕೋಸ್ ಪುಡಿ ಎಲ್ಲಿದೆ ಎಂಬುದು ನಿಮಗೆ ಗೊತ್ತಿರಲಿ. ಅದನ್ನು ಇಂದೇ ಕೇಳಿ ತಿಳಿದುಕೊಳ್ಳಿ.