ನೆಲ ನಡುಗಿ ನಿಂತ ಮೇಲೂ ಕುಸಿಯುವ ಕಟ್ಟೆ

ನಂಬಿಕೆ: ಗಣಿಯ ಟೇಲಿಂಗ್ಸ್ ಕಟ್ಟೆಯೂ ನೀರಿನ ಅಣೆಕಟ್ಟಿನಂಥದ್ದೇ.

ಸತ್ಯ: ನೀರಿನ ಅಣೆಕಟ್ಟನ್ನು ಸಾಮಾನ್ಯವಾಗಿ ಮೊದಲೇ ಕಟ್ಟಿ ಮುಗಿಸುತ್ತಾರೆ. ಅದಿರು ಅರೆದು ಲೋಹ ತೆಗೆದ ಮೇಲೆ ಉಳಿಯುವ ಕೆಸರನ್ನು ಹಿಡಿದಿಡುವ ಕಟ್ಟೆ ಮಾತ್ರ ಗಣಿ ನಡೆಯುವಷ್ಟು ಕಾಲ ಬೆಳೆಯುತ್ತಲೇ ಇರುತ್ತದೆ. ಖರ್ಚು ಉಳಿಸಲು ಹಲವೆಡೆ ಹೊಸ ಏರಿಯನ್ನು ಹಳೆಯ ಕೆಸರಿನ ಮೇಲೆಯೇ ಕೂರಿಸುತ್ತಾರೆ. ಯಾವುದನ್ನು ತಡೆಯಬೇಕೋ ಅದೇ ಅಡಿಪಾಯ! 1965ರ ಮಾರ್ಚ್ 28ರ ಭೂಕಂಪದಲ್ಲಿ ಚಿಲಿಯ ಎಲ್ ಕೋಬ್ರೆ ತಾಮ್ರ ಗಣಿಯ ಕಟ್ಟೆಗಳು ಒಡೆದು ಇನ್ನೂರಕ್ಕೂ ಹೆಚ್ಚು ಜನ ಕೆಸರಿನಡಿ ಸತ್ತರು. ಆಮೇಲೆ ಆ ದೇಶ ಈ ಪದ್ಧತಿಯನ್ನೇ ನಿಷೇಧಿಸಿತು.

ನಂಬಿಕೆ: ನಡುಕ ನಿಂತರೆ ಗಂಡಾಂತರ ಕಳೆದಂತೆ.

ಸತ್ಯ: ಜಪಾನಿನ ಮೊಚಿಕೋಶಿ ಚಿನ್ನದ ಗಣಿಯ ಕಥೆ ಕೇಳಿ. 1978ರ ಜನವರಿ 14ರ ಭೂಕಂಪಕ್ಕೆ ಅಲ್ಲಿನ ಒಂದು ಕಟ್ಟೆ ಕೂಡಲೇ ಒಡೆಯಿತು. ಇನ್ನೊಂದು ಕುಸಿದದ್ದು ಮರುದಿನ, ನೆಲ ಅಲುಗದೆ ಇದ್ದಾಗ. ಸಡಿಲ ಮರಳು ನಡುಗಿದಾಗ ಕಣಗಳು ಒತ್ತಾಗಿ ಕೂರಲು ನೋಡುತ್ತವೆ; ನಡುವೆ ಸಿಕ್ಕಿಬಿದ್ದ ನೀರಿಗೆ ಹೊರಬರಲು ಪುರುಸೊತ್ತಿಲ್ಲ. ನೀರಿನ ಒತ್ತಡ ಏರಿ ಕಣಗಳ ಹಿಡಿತ ತಪ್ಪುತ್ತದೆ, ಗಟ್ಟಿ ನೆಲ ಅಂಬಲಿಯಾಗುತ್ತದೆ. ಇದೇ ದ್ರವೀಕರಣ. ಆ ಒತ್ತಡ ಅಲ್ಲಿಗೇ ಇಳಿಯುವುದಿಲ್ಲ. ನಿಧಾನವಾಗಿ ಏರಿಯ ಕಡೆಗೆ ಹರಡಿ ಅದನ್ನೂ ದುರ್ಬಲಗೊಳಿಸುತ್ತದೆ. ಹಾಗಾಗಿ ನಡುಕವನ್ನು ತಾಳುತ್ತದೆಯೇ ಎಂಬ ಲೆಕ್ಕ ಅರ್ಧ ಲೆಕ್ಕ. ಕೆಸರು ಬಲ ಕಳೆದುಕೊಂಡ ಮೇಲೂ ಕಟ್ಟೆ ನಿಲ್ಲುತ್ತದೆಯೇ ಎಂಬುದೇ ನಿಜವಾದ ಪರೀಕ್ಷೆ.

ನಂಬಿಕೆ: ಭೂಕಂಪ ವಿರಳವಾದ ಕಡೆ ಚಿಂತೆಯಿಲ್ಲ.

ಸತ್ಯ: 2019ರಲ್ಲಿ ಬ್ರೆಜಿಲಿನ ಬ್ರುಮಾಡಿನ್ಹೊದಲ್ಲಿ ಯಾವ ಭೂಕಂಪವೂ ಇಲ್ಲದೆ ಕಟ್ಟೆ ದ್ರವೀಕರಣಗೊಂಡು ಸುಮಾರು 270 ಜನ ಸತ್ತರು.

ನಂಬಿಕೆ: ಮುಚ್ಚಿದ ಗಣಿಯ ಕಟ್ಟೆ ಒಣಗಿ ಗಟ್ಟಿಯಾಗಿರುತ್ತದೆ.

ಸತ್ಯ: 2010ರಲ್ಲಿ ಚಿಲಿಯಲ್ಲಿ 8.8 ತೀವ್ರತೆಯ ಭೂಕಂಪವಾದಾಗ ಲಾಸ್ ಪಾಲ್ಮಾಸ್ ಎಂಬಲ್ಲಿ ಕೈಬಿಟ್ಟಿದ್ದ ಕಟ್ಟೆ ಹರಿದು ಒಂದೇ ಕುಟುಂಬದ ನಾಲ್ವರು ಸತ್ತರು. ಒಳಗೆ ತೇವ ಉಳಿದೇ ಇತ್ತು. ಅದೇ ಭೂಕಂಪವನ್ನು ಹೊಸ ಪದ್ಧತಿಯ ದೊಡ್ಡ ಕಟ್ಟೆಗಳು ತಾಳಿಕೊಂಡವು ಎಂಬುದನ್ನೂ ಹೇಳಬೇಕು. ಟೇಲಿಂಗ್ಸ್ ಕಟ್ಟೆಯೆಂದರೆ ಬೀಳುವುದೇ ಎಂದುಕೊಳ್ಳುವುದೂ ತಪ್ಪೇ.

ನಮ್ಮ ಕುದುರೆಮುಖದಲ್ಲಿ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಆ ಗಣಿಯ ಕೆಸರನ್ನು ಹಿಡಿದಿಟ್ಟ ಲಕ್ಯಾ ಅಣೆಕಟ್ಟಿನ ಹಿಂದಿನ ಹೂಳು ಅಲ್ಲೇ ಇದೆ. ಇಂಥ ಯಾವ ಕಟ್ಟೆಯ ಕೆಳಗೆ ವಾಸವಿದ್ದರೂ ಅದರ ಎತ್ತರ ಎಷ್ಟೆಂದು ಕೇಳುವ ಮೊದಲು, ಒಳಗಿನ ನೀರಿನ ಮಟ್ಟವನ್ನು ಈಗ ಯಾರು ಅಳೆಯುತ್ತಿದ್ದಾರೆ ಎಂದು ಕೇಳಿ.